ಕರೆಯದೆ ಬಂದವನು ಮತ್ತು ಕರೆಯಲು ಮರೆತವನು

ಬೆಳಗಾವಿಯು ವಿದ್ಯಾರ್ಥಿಗಳ ನಗರ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2010ರಲ್ಲಿ ಆರಂಭವಾದ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಹಾಗೂ ನಗರದ ಹತ್ತಾರು ಕಾಲೇಜುಗಳಲ್ಲಿ ವರ್ಷವಿಡೀ ವಿಚಾರ ಸಂಕಿರಣ, ಕಾರ್ಯಾಗಾರ, ಸ್ವಾಗತ ಮತ್ತು ಬೀಳ್ಕೊಡುಗೆ ಸಮಾರಂಭಗಳು ನಡೆಯುತ್ತಲೇ ಇರುತ್ತವೆ. ಸಮಾರಂಭವೆಂದ ಮೇಲೆ ಊಟ, ಉಪಾಹಾರ ಇದ್ದೇ ಇರುತ್ತದೆ. ಮದುವೆಯ ದಿನಗಳಲ್ಲಿ ಶಾದಿಮಹಲ್ ಮತ್ತು ಕಲ್ಯಾಣ ಮಂಟಪಗಳ ಆರತಕ್ಷತೆಗಳೂ ಸೇರುತ್ತವೆ. ಇಂದು ಎಲ್ಲಿ ಊಟವಿದೆ ಎಂಬ ಸುದ್ದಿಯು ಹಾಸ್ಟೆಲ್ ಹಾಗೂ ಬಾಡಿಗೆ ಕೋಣೆಗಳ ಹುಡುಗರ ಮೊಬೈಲ್‌ಗಳಲ್ಲಿ ಹರಿದಾಡುತ್ತದೆ. ಆಮಂತ್ರಣವಿಲ್ಲದಿದ್ದರೂ ಅವರು ಸಾಲಿನಲ್ಲಿ ನಿಂತು ತಟ್ಟೆ ಹಿಡಿಯುತ್ತಾರೆ.

ಇದನ್ನು ಕೆಲವರು ವಯಸ್ಸಿನ ತುಂಟತನವೆಂದು ನಕ್ಕು ಬಿಡುತ್ತಾರೆ. ಇನ್ನು ಕೆಲವರು ಕಳ್ಳತನವೆಂದು ಗದರುತ್ತಾರೆ. ಈ ಎರಡು ತೀರ್ಪುಗಳೂ ಅವಸರದವು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಹಸಿದವನು ಯಾರೆಂದು ನೋಡೋಣ. ಬೆಳಗಾವಿಯಿಂದ ಖಾನಾಪುರ ಸುಮಾರು 25 ಕಿಲೋಮೀಟರ್. ಆದರೆ ಖಾನಾಪುರವು ಬರೀ ಪಟ್ಟಣವಲ್ಲ. ಲೋಂಡಾ, ನಂದಗಡ, ಜಾಂಬೋಟಿ, ಕಣಕುಂಬಿಗಳವರೆಗೆ ಕಾಡಿನ ನಡುವೆ ಹರಡಿಕೊಂಡ ತಾಲ್ಲೂಕು. ಅಲ್ಲಿಯ ಒಳ ಹಳ್ಳಿಗಳಿಂದ ನಗರದ ಕಾಲೇಜಿಗೆ ಬರುವ ವಿದ್ಯಾರ್ಥಿಯು ಬೆಳಕು ಹರಿಯುವ ಹೊತ್ತಿಗೆ ಬಸ್ಸು ಅಥವಾ ರೈಲು ಹಿಡಿಯಬೇಕು. ಮರಳಿ ಮನೆ ಸೇರುವುದು ಮಗ್ರಿಬ್ ವೇಳೆಗೆ. ಶಾಲೆಯಲ್ಲಿದ್ದಾಗ ಅವನಿಗೆ ಅಕ್ಷರ ದಾಸೋಹದ ಬಿಸಿಯೂಟವಿತ್ತು. ಅದು ಹತ್ತನೆಯ ತರಗತಿಗೆ ಮುಗಿಯುತ್ತದೆ, ಹಸಿವು ಮುಗಿಯುವುದಿಲ್ಲ. ಹಾಸ್ಟೆಲ್‌ಗಳಿವೆ, ಆದರೆ ಅರ್ಜಿ ಹಾಕಿದವರಿಗೆಲ್ಲ ಸೀಟು ದೊರೆಯದು. ಇಂದಿರಾ ಕ್ಯಾಂಟೀನಿನ 10 ರೂಪಾಯಿಯ ಊಟ ನಿಜಕ್ಕೂ ಉಪಕಾರಿ. ಆದರೆ ಕಾಲೇಜು ಒಂದು ದಿಕ್ಕಿಗಿದ್ದರೆ ಕ್ಯಾಂಟೀನು ಇನ್ನೊಂದು ದಿಕ್ಕಿಗಿರುತ್ತದೆ. ಬಸ್ ಪಾಸ್, ಪುಸ್ತಕ, ಪರೀಕ್ಷಾ ಶುಲ್ಕಗಳ ನಡುವೆ ಮೊದಲು ಕಡಿತವಾಗುವುದು ಮಧ್ಯಾಹ್ನದ ಊಟವೇ.

ಹಾಗಾದರೆ ಹಸಿದವನು ಕರೆಯದ ಊಟಕ್ಕೆ ಹೋಗಬಹುದೇ? ಈ ವಿಷಯದಲ್ಲಿ ಇಸ್ಲಾಮಿನ ಶಿಷ್ಟಾಚಾರ ಸ್ಪಷ್ಟವಾಗಿದೆ. ಪ್ರವಾದಿವರ್ಯರ(ಸ) ಮನೆಗೆ ಅನುಮತಿಯಿಲ್ಲದೆ ಊಟಕ್ಕೆ ಪ್ರವೇಶಿಸಬಾರದು, ಅಡುಗೆಯಾಗುವುದನ್ನು ಕಾಯುತ್ತ ಕೂರಬಾರದು, ಕರೆದಾಗ ಹೋಗಬೇಕು, ಉಂಡ ಮೇಲೆ ಹೊರಡಬೇಕು ಎಂದು ಪವಿತ್ರ ಕುರ್‌ಆನಿನ ಅಲ್ ಅಹ್‌ಝಾಬ್ ಅಧ್ಯಾಯವು ವಿಶ್ವಾಸಿಗಳಿಗೆ ಕಲಿಸುತ್ತದೆ.

ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿ ಒಂದು ಘಟನೆ ಇದೆ. ಅಬೂ ಶುಐಬ್(ರ) ಎಂಬ ಅನ್ಸಾರಿ ಸಹಾಬಿಯು ಪ್ರವಾದಿವರ್ಯರ(ಸ) ಮುಖದಲ್ಲಿ ಹಸಿವನ್ನು ಗುರುತಿಸಿ, ಐದು ಜನರಿಗೆ ಅಡುಗೆ ಮಾಡಿಸಿ ಅವರನ್ನು ಆಹ್ವಾನಿಸಿದರು. ದಾರಿಯಲ್ಲಿ ಆರನೆಯ ವ್ಯಕ್ತಿಯೊಬ್ಬರು ಜೊತೆಗೂಡಿದರು. ಬಾಗಿಲಿಗೆ ಬಂದಾಗ ಪ್ರವಾದಿವರ್ಯರು(ಸ) ಆ ವ್ಯಕ್ತಿಯನ್ನು ಮರೆಮಾಚಿ ಒಳಗೆ ಕರೆದೊಯ್ಯಲಿಲ್ಲ, ಅವಮಾನಿಸಿ ಹಿಂದೆಯೂ ಕಳುಹಿಸಲಿಲ್ಲ. ಇವರು ನಮ್ಮೊಂದಿಗೆ ಬಂದಿದ್ದಾರೆ, ಬಿಡುವುದೂ ಬಿಡದಿರುವುದೂ ನಿಮ್ಮ ಇಷ್ಟ ಎಂದು ಮನೆಯವರಿಗೇ ತಿಳಿಸಿದರು. ಅಬೂ ಶುಐಬ್(ರ) ಸಂತೋಷದಿಂದ ಅನುಮತಿಯಿತ್ತರು.

ಈ ಒಂದು ಘಟನೆಯಲ್ಲಿ ಮೂವರಿಗೆ ಪಾಠವಿದೆ. ಅನುಮತಿಯನ್ನು ಕೇಳಬೇಕು; ಇದು ಬಂದವನಿಗೆ. ಸಾಧ್ಯವಾದಷ್ಟೂ ಇಲ್ಲವೆನ್ನಬಾರದು, ಇದು ಆತಿಥೇಯನಿಗೆ. ಯಾರ ಮಾನವನ್ನೂ ಕಳೆಯಬಾರದು. ಇದು ನೋಡುತ್ತಿರುವ ಉಳಿದವರಿಗೆ.

ಇದನ್ನು ಕ್ಯಾಂಪಸ್ಸಿನ ಊಟಕ್ಕೆ ಅನ್ವಯಿಸುವುದು ಕಷ್ಟವಲ್ಲ. ಎಲ್ಲ ವಿದ್ಯಾರ್ಥಿಗಳಿಗೂ ಊಟದ ವ್ಯವಸ್ಥೆಯಿದೆ ಎಂದು ಆಯೋಜಕರೇ ಘೋಷಿಸಿದ್ದರೆ ಆ ಘೋಷಣೆಯೇ ಆಮಂತ್ರಣ. ಅಲ್ಲಿ ಸಂಕೋಚ ಬೇಕಾಗಿಲ್ಲ. ಶುಲ್ಕ ಕೊಟ್ಟು ಹೆಸರು ನೋಂದಾಯಿಸಿದವರಿಗಾಗಿ ಎಣಿಸಿ ತರಿಸಿದ ಊಟವಾದರೆ ಅದು ಇನ್ನೊಬ್ಬರ ಹಕ್ಕು. ಬೇರೆಯವರ ಬ್ಯಾಡ್ಜ್ ಧರಿಸಿ, ಸುಳ್ಳು ಹೆಸರು ಹೇಳಿ ಉಂಡರೆ ಕಡೆಯ ಸಾಲಿನಲ್ಲಿ ನಿಂತ ಪ್ರತಿನಿಧಿಯೊಬ್ಬ ಬರಿಗೈಲಿ ಮರಳಬೇಕಾಗುತ್ತದೆ. ಎಲ್ಲರ ಊಟ ಮುಗಿದ ಮೇಲೆ ಪಾತ್ರೆಗಳಲ್ಲಿ ಉಳಿದದ್ದು ಮೂರನೆಯ ಬಗೆ. ಅಲ್ಲಿ ಬೇಕಾದುದು ಒಂದೇ ಮಾತು: "ಸರ್, ಊಟ ಉಳಿದಿದ್ದರೆ ನಾವು ಮಾಡಬಹುದೇ?" ಹೀಗೆ ಕೇಳುವುದರಿಂದ ಮಾನ ಹೋಗುವುದಿಲ್ಲ, ಕೇಳದೆ ನುಸುಳುವುದರಿಂದ ಹೋಗುತ್ತದೆ.

ಅರಬ್ ಸಾಹಿತ್ಯದಲ್ಲಿ ಕರೆಯದೆ ಔತಣಕ್ಕೆ ಬರುವವನನ್ನು 'ತುಫೈಲಿ' ಎನ್ನುತ್ತಾರೆ. ಕೂಫಾ ನಗರದ ತುಫೈಲ್ ಎಂಬವನಿಂದ ಈ ಹೆಸರು ಬಂತೆನ್ನುತ್ತಾರೆ. ಹದೀಸ್ ವಿದ್ವಾಂಸರಾದ ಖತೀಬ್ ಅಲ್ ಬಗ್ದಾದಿಯವರು ಇಂತಹವರ ಕಥೆಗಳನ್ನು ಸಂಗ್ರಹಿಸಿ ಒಂದು ಗ್ರಂಥವನ್ನೇ ರಚಿಸಿದ್ದಾರೆ. ಆದರೆ ತುಫೈಲಿಯನ್ನು ಕರೆದೊಯ್ಯುವುದು ನಾಲಗೆಯ ಚಪಲ; ಖಾನಾಪುರದ ಬಸ್ಸಿನಿಂದ ಇಳಿದ ಹುಡುಗನನ್ನು ಕರೆದೊಯ್ಯುವುದು ಖಾಲಿ ಹೊಟ್ಟೆ. ಇಬ್ಬರಿಗೂ ಶಿಷ್ಟಾಚಾರ ಒಂದೇ. ಆದರೆ ಇಬ್ಬರ ಬಗ್ಗೆ ನಮ್ಮ ಹೊಣೆ ಒಂದೇ ಅಲ್ಲ.

ಇಲ್ಲಿಯೇ ಮಾತು ನಮ್ಮ ಕಡೆಗೆ ತಿರುಗುತ್ತದೆ. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟವನ್ನು ಅತ್ಯಂತ ಕೆಟ್ಟ ಊಟವೆಂದು ಹದೀಸ್ ಎಣಿಸುತ್ತದೆ. ನಮ್ಮ ವಲೀಮಾಗಳ ಆಮಂತ್ರಿತರ ಪಟ್ಟಿಯನ್ನು ಒಮ್ಮೆ ನೆನೆಯೋಣ. ರಾಜಕಾರಣಿಗಳು, ಗುತ್ತಿಗೆದಾರರು, ವ್ಯಾಪಾರದ ಪಾಲುದಾರರು ಅದರಲ್ಲಿದ್ದಾರೆ. ಪಕ್ಕದ ಗಲ್ಲಿಯ ಕೋಣೆಯಲ್ಲಿ ಬಾಡಿಗೆಗಿರುವ ಪರವೂರಿನ ವಿದ್ಯಾರ್ಥಿಗಳಿದ್ದಾರೆಯೇ? ಮಹಲಿನ ಹಿಂಬದಿಯಲ್ಲಿ ಬಿರಿಯಾನಿಯನ್ನು ಕಸದ ಗಾಡಿಗೆ ಸುರಿಯುತ್ತ, ಮುಂಬದಿಯಲ್ಲಿ ಕರೆಯದೆ ಬಂದ ಹುಡುಗನ ಕೈಯಿಂದ ತಟ್ಟೆ ಕಸಿದರೆ, ಅಲ್ಲಾಹನ ಮುಂದೆ ಮೊದಲು ಲೆಕ್ಕ ಕೊಡಬೇಕಾದವರು ಯಾರು?

ಇಸ್ಲಾಮಿನ ಮೊದಲ ವಿದ್ಯಾರ್ಥಿಗಳೂ ಹಸಿದವರೇ ಆಗಿದ್ದರು. ಮದೀನಾದ ಮಸೀದಿಯ ಸುಫ್ಫಾದಲ್ಲಿ ವಾಸಿಸುತ್ತ ಕಲಿಯುತ್ತಿದ್ದವರಿಗೆ ಮನೆಯಿರಲಿಲ್ಲ, ಸಂಪಾದನೆಯಿರಲಿಲ್ಲ. ಅಬೂ ಹುರೈರಾ(ರ) ಹಸಿವಿನಿಂದ ಹೊಟ್ಟೆಗೆ ಕಲ್ಲು ಕಟ್ಟಿಕೊಂಡು ದಾರಿಯಲ್ಲಿ ಕುಳಿತಿದ್ದಾಗ, ಅವರು ಬಾಯಿ ಬಿಡುವ ಮೊದಲೇ ಪ್ರವಾದಿವರ್ಯರು(ಸ) ಮುಖ ನೋಡಿ ಅರಿತುಕೊಂಡರು. ಮನೆಯಲ್ಲಿದ್ದ ಒಂದೇ ಬಟ್ಟಲು ಹಾಲಿಗೆ ಸುಫ್ಫಾದವರನ್ನೆಲ್ಲ ಕರೆಸಿದರು. ಎಲ್ಲರೂ ಕುಡಿದ ಮೇಲೆ, ಅಬೂ ಹುರೈರಾ(ರ) ತೃಪ್ತರಾದ ಮೇಲೆ, ಕೊನೆಯವರಾಗಿ ತಾವು ಕುಡಿದರು. ಸ್ವಾಭಿಮಾನದಿಂದ ಬೇಡದಿರುವ ಬಡವರನ್ನು ಅವರ ಮುಖಲಕ್ಷಣದಿಂದಲೇ ಗುರುತಿಸಬೇಕೆಂಬ ಅಲ್ ಬಕರಾ ಅಧ್ಯಾಯದ ಬೋಧನೆ ಇದೇ ಅಲ್ಲವೇ?

ನಮ್ಮ ನಾಡಿನಲ್ಲಿಯೂ ಇದಕ್ಕೆ ಮಾದರಿಗಳಿವೆ. ಬೆಳಗಾವಿಯ ನಾಗನೂರು ರುದ್ರಾಕ್ಷಿಮಠವು ಶಿವಬಸವ ಸ್ವಾಮೀಜಿಯವರ ಕಾಲದಲ್ಲಿ ಉಚಿತ ಪ್ರಸಾದ ನಿಲಯವನ್ನು ನಡೆಸಿ ಹಳ್ಳಿಯ ಬಡ ವಿದ್ಯಾರ್ಥಿಗಳ ಓದಿಗೆ ಆಸರೆಯಾಯಿತು. ಆ ಅನ್ನದಿಂದ ಒಂದು ಪ್ರದೇಶದ ವಿದ್ಯೆ ಬೆಳೆಯಿತು. ನಮಗೂ ಶಕ್ತಿಯಿಲ್ಲವೆಂದಲ್ಲ. ರಮಝಾನಿನ ತಿಂಗಳು ಪೂರ್ತಿ ನಮ್ಮ ಮಸೀದಿಗಳು ಯಾರ ಹೆಸರನ್ನೂ ಕೇಳದೆ ಇಫ್ತಾರ್ ಉಣಿಸುತ್ತವೆ. ಉಳಿದ ಹನ್ನೊಂದು ತಿಂಗಳು ಆ ಪಾತ್ರೆಗಳು ಕಪಾಟಿನಲ್ಲಿರುತ್ತವೆ.

ಆದ್ದರಿಂದ ನಮ್ಮ ಸಲಹೆಗಳು ಸರಳ. ಪ್ರತಿ ವಲೀಮಾದಲ್ಲಿ ಮೊಹಲ್ಲಾದ ವಿದ್ಯಾರ್ಥಿಗಳಿಗೆಂದೇ ಒಂದೆರಡು ಪಂಕ್ತಿಗಳಿರಲಿ. ಆಮಂತ್ರಣವನ್ನು ಜುಮಾದ ಬಳಿಕ ಮಸೀದಿಯಲ್ಲಿಯೇ ಹೇಳಲಿ. ಕಾಲೇಜುಗಳ ಸಮೀಪದ ಜಮಾಅತ್‌ಗಳು ವಾರಕ್ಕೆ ಎರಡು ದಿನವಾದರೂ ಮಧ್ಯಾಹ್ನದ ಊಟಕ್ಕೆ ವ್ಯವಸ್ಥೆ ಮಾಡಲಿ; ಅಲ್ಲಿ ಧರ್ಮ, ಜಾತಿ ಕೇಳುವುದು ಬೇಡ. ಉಣಿಸಿ ಪ್ರತಿಫಲವನ್ನಾಗಲಿ, ಕೃತಜ್ಞತೆಯನ್ನಾಗಲಿ ಬಯಸದವರನ್ನು ಕುರ್‌ಆನ್ ಪ್ರಶಂಸಿಸಿದೆ. ಆದ್ದರಿಂದ ಉಣ್ಣುವ ಹುಡುಗರ ಫೋಟೋ ತೆಗೆದು ಹಂಚುವುದು ಖಂಡಿತ ಬೇಡ. ಕಾಲೇಜಿನ ಆಯೋಜಕರಾಗಿರುವ ನಮ್ಮವರು ಉಳಿದ ಊಟವನ್ನು ಕೆಡುವ ಮುನ್ನವೇ ವಿದ್ಯಾರ್ಥಿಗಳಿಗೆ ಬಡಿಸಲು ಮುಂದಾಗಲಿ.

ತಾಯಿತಂದೆಯರಿಗೂ ಒಂದು ಮಾತು. ಮಕ್ಕಳು ಮನೆಗೆ ಬಂದಾಗ ಅಂಕಗಳನ್ನು ಕೇಳುವ ಮೊದಲು ಮಧ್ಯಾಹ್ನ ಏನು ತಿಂದೆ ಎಂದು ಕೇಳಿರಿ. ಉತ್ತರ ತಡವರಿಸಿದರೆ ಬೈಯಬೇಡಿರಿ. ಸುಳ್ಳು ಹೇಳಿ ಉಣ್ಣಬಾರದೆಂದು ಕಲಿಸಿರಿ, ಜೊತೆಗೆ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚು ಇಡಿರಿ. ಇಬ್ಬರ ಊಟ ಮೂವರಿಗೆ ಸಾಕೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಆ ಹೆಚ್ಚಿನ ರೊಟ್ಟಿ, ಕೇಳಲು ನಾಚುವ ಯಾವನೋ ಗೆಳೆಯನದಾಗಿರಬಹುದು.