ತಾಯಿಯ ಕೈಹಿಡಿಯುವವರಾರು?

ಮಗು ಮನೆಯಲ್ಲಿ ಸುರಕ್ಷಿತವಲ್ಲವೆಂದಾದರೆ ಇಂಗ್ಲೆಂಡಿನಲ್ಲಿ ಸ್ಥಳೀಯಾಡಳಿತವು 1989ರ ಮಕ್ಕಳ ಕಾಯ್ದೆಯಂತೆ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲೇರುತ್ತದೆ. 26 ವಾರಗಳೊಳಗೆ ಪ್ರಕರಣ ಇತ್ಯರ್ಥವಾಗಬೇಕೆಂಬುದು 2014ರಿಂದ ಇರುವ ನಿಯಮ. ಮಗು ಕಾಯಲಾರದು, ನಿಜ. ಆದರೆ ವ್ಯಸನ, ಸಂಗಾತಿಯ ಹೊಡೆತಗಳಿಂದ ಜರ್ಜರಿತಳಾದ ತಾಯಿ ಅಷ್ಟರಲ್ಲಿ ಚೇತರಿಸಿಕೊಳ್ಳುವಳೇ? ಮಗುವನ್ನು ಕಳೆದುಕೊಂಡ ಬಳಿಕ ಆಕೆಯನ್ನು ವಿಚಾರಿಸುವವರೂ ಕಡಿಮೆ. ಮತ್ತೊಂದು ಹೆರಿಗೆ, ಮತ್ತದೇ ನ್ಯಾಯಾಲಯ.

ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರ ಅಂದಾಜಿನಂತೆ ಇಂಥ ನಾಲ್ವರು ತಾಯಂದಿರಲ್ಲಿ ಒಬ್ಬಳು ಏಳು ವರ್ಷಗಳೊಳಗೆ ಮರಳಿ ಬರುತ್ತಾಳೆ. 2013ರಲ್ಲಿ ಲಂಡನಿನ ಹ್ಯಾಕ್ನಿಯಲ್ಲಿ ಆರಂಭವಾದ ‘ಪಾಝ್’ ಯೋಜನೆ ಇವರಿಗೆ 18 ತಿಂಗಳು ಆಸರೆಯಾಗುತ್ತದೆ.

ಊರು ಬಿಟ್ಟು ಬಂದು ಒಂಟಿಯಾಗಿ ನರಳುವ ತಾಯಂದಿರು ನಮ್ಮಲ್ಲೂ ಇದ್ದಾರೆ. ಸಂಘಗಳ ಮಹಿಳಾ ವಿಭಾಗಗಳು ಅರಸಿನ ಕುಂಕುಮದ ಜತೆಗೆ ಅವರ ಮನೆಬಾಗಿಲನ್ನೂ ತಟ್ಟಲಿ. ವಿಷಯ ನ್ಯಾಯಾಲಯ ತಲುಪುವ ಮೊದಲೇ ತಟ್ಟಲಿ.