ಅಲಗನ್ನು ಓದುವವರ ಒಡನಾಟ

ಅಂಚೆಚೀಟಿಗಳನ್ನು ಕೂಡಿಡುವವನು ಸಾಧು, ಹಳೆಯ ನಾಣ್ಯಗಳನ್ನು ಕೂಡಿಡುವವನು ಜಾಣ. ಚಾಕು-ಚೂರಿಗಳನ್ನು ಕೂಡಿಡುವವನ ವಿಷಯದಲ್ಲಿ ಮಾತ್ರ ನಮ್ಮವರ ಮುಖ ಗಂಟಿಕ್ಕುತ್ತದೆ. ‘ಇವನಿಗೇಕೆ ಈ ಬುದ್ಧಿ?’ ಎಂಬ ಶಂಕೆ ಕೂಡಲೇ ಹುಟ್ಟುತ್ತದೆ. ಅಮೆರಿಕದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಇದೇ ಶಂಕೆಯಿಂದ ನನಗೆ ಬರೆದಿದ್ದರು. ಕಾಲೇಜು ಓದುತ್ತಿರುವ ಅವರ ಮಗ ತನ್ನ ಸಂಪಾದನೆಯನ್ನೆಲ್ಲ ಮಡಿಸುವ ಚಾಕುಗಳಿಗೆ ಸುರಿಯುತ್ತಿದ್ದಾನಂತೆ. ನಾನು ಬುದ್ಧಿ ಹೇಳಬೇಕಂತೆ. ನಾನು ಬುದ್ಧಿ ಹೇಳಲಿಲ್ಲ. ‘ಅವನು ಒಬ್ಬನೇ ಕೋಣೆಯಲ್ಲಿ ಕುಳಿತು ಕೂಡಿಡುತ್ತಿದ್ದಾನೆಯೋ, ಬಲ್ಲವರ ನಡುವೆ ಕುಳಿತು ಕೂಡಿಡುತ್ತಿದ್ದಾನೆಯೋ?’ ಎಂದು ಮಾತ್ರ ಕೇಳಿದೆ. ನನ್ನ ದೃಷ್ಟಿಯಲ್ಲಿ ಈ ಹವ್ಯಾಸದ ಗುಣ-ದೋಷಗಳೆಲ್ಲ ಆ ಒಂದು ಪ್ರಶ್ನೆಯ ಮೇಲೆ ನಿಂತಿವೆ.

ಒಂಟಿ ಸಂಗ್ರಾಹಕನ ಗತಿಯನ್ನು ನೋಡಿ. ಅಲಗಿನ ಮೇಲೆ ನೀರಿನ ಅಲೆಯಂತಹ ಗೆರೆಗಳಿರುವ ಚಾಕುವೊಂದನ್ನು ‘ಡಮಾಸ್ಕಸ್ ಉಕ್ಕು’ ಎಂಬ ಹೆಸರಿನಲ್ಲಿ ಅವನಿಗೆ ಮಾರುತ್ತಾರೆ. ಆ ಹೆಸರಿನ ಕೆಳಗೆ ಎರಡು ಬೇರೆ ಬೇರೆ ವಸ್ತುಗಳು ಅಡಗಿವೆ. ಎರಡು ಬಗೆಯ ಉಕ್ಕಿನ ತಗಡುಗಳನ್ನು ಕಾಯಿಸಿ, ಬಡಿದು ಬೆಸೆದು, ಮಡಿಸಿ ಮತ್ತೆ ಬಡಿದು ಪದರ ಪದರವಾಗಿ ಮಾಡಿದ್ದು ಒಂದು. ಮೂಸೆಯಲ್ಲಿ ಕರಗಿ ಗಟ್ಟಿಯಾದ ಒಂದೇ ಉಕ್ಕಿನ ಗಟ್ಟಿಯಿಂದ ಬಡಿದದ್ದು ಇನ್ನೊಂದು; ಇದರಲ್ಲಿ ಗೆರೆಗಳು ಉಕ್ಕಿನ ಒಡಲಿನಿಂದಲೇ ಮೂಡುತ್ತವೆ. ಇವೆರಡೂ ಅಲ್ಲದೆ, ಸಾಧಾರಣ ಉಕ್ಕಿನ ಮೇಲೆ ಗೆರೆಗಳನ್ನು ಬರಿದೇ ಅಚ್ಚೊತ್ತಿದ ಮೂರನೆಯ ಜಾತಿಯೊಂದು ಸಂತೆಯಲ್ಲಿ ಧಾರಾಳವಾಗಿ ಸಿಕ್ಕುತ್ತದೆ. ಮೂರಕ್ಕೂ ಒಂದೇ ಹೆಸರು! ಬಲ್ಲವನೊಬ್ಬ ಪಕ್ಕದಲ್ಲಿದ್ದರೆ ಅಲಗಿನ ಒಂದು ಮೂಲೆಯನ್ನು ಉಪ್ಪುಕಾಗದದಿಂದ ಉಜ್ಜಿ, ಸೌಮ್ಯವಾದ ಆಮ್ಲದಲ್ಲಿ ಅದ್ದಿ ತೋರಿಸುತ್ತಾನೆ. ನಿಜವಾದ ಗೆರೆ ಮತ್ತೆ ಮೇಲೆದ್ದು ಬರುತ್ತದೆ. ಅಚ್ಚಿನ ಗೆರೆ ಹೋದದ್ದು ಹೋಯಿತು. ಪುಸ್ತಕದ ಹತ್ತು ಪುಟಗಳಲ್ಲಿ ತಲೆಗೆ ಹತ್ತದ್ದು ಹೀಗೆ ಐದು ನಿಮಿಷದಲ್ಲಿ ಹತ್ತುತ್ತದೆ. ಕಳೆದುಕೊಂಡ ಹಣದ ನೆನಪೂ ಆ ಪಾಠಕ್ಕೆ ಸಹಾಯಮಾಡುತ್ತದೆನ್ನಿ.

ಸಂಗ್ರಾಹಕರ ಒಡನಾಟದ ಅತ್ಯುತ್ತಮ ರೂಪ ಯಾವುದೆಂದು ಕೇಳಿದರೆ ನಾನು ಜಪಾನಿನವರ ‘ಕಂತೇಯಿ’ಯನ್ನು ಹೆಸರಿಸುತ್ತೇನೆ. ಜೀವನವಿಡೀ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ಇದರಲ್ಲಿ ಸ್ವಲ್ಪ ಪಕ್ಷಪಾತವಿರುವುದು ಸಹಜ. ಹಳೆಯ ಖಡ್ಗಗಳನ್ನೂ ಚೂರಿಗಳನ್ನೂ ಹಲವು ಮಂದಿ ಆಸಕ್ತರ ಮುಂದೆ ಸಾಲಾಗಿ ಇಡುತ್ತಾರೆ. ಅಲಗಿನ ಯಾವ ಭಾಗ ಹಿಡಿಯೊಳಗೆ ಹುದುಗಿರುತ್ತದೆಯೋ ಅಲ್ಲಿಯೇ ಕಮ್ಮಾರನು ತನ್ನ ಹೆಸರನ್ನು ಕೊರೆದಿರುವುದು ವಾಡಿಕೆ. ಆ ಭಾಗವನ್ನು ಮುಚ್ಚಿಬಿಡುತ್ತಾರೆ. ಬಂದವರು ಅಲಗಿನ ಬಾಗು, ಉಕ್ಕಿನ ಮೈಯ ನೇಯ್ಗೆ, ಬಾಯಿಯುದ್ದಕ್ಕೂ ಹದಗೊಳಿಸಿದಾಗ ಮೂಡಿದ ಬಿಳಿಯ ರೇಖೆ, ಇಷ್ಟನ್ನೇ ನೋಡಿ ಇದು ಯಾವ ಕಮ್ಮಾರನ ಕೈಕೆಲಸವೆಂದು ಚೀಟಿಯಲ್ಲಿ ಬರೆದುಕೊಡಬೇಕು. ಸರಿಯಾದರೆ ‘ಅತಾರಿ’, ತಗುಲಿತು ಎಂದು ಅರ್ಥ. ಅದೇ ಪರಂಪರೆಯ ಹತ್ತಿರದ ಕಮ್ಮಾರನನ್ನು ಹೆಸರಿಸಿದ್ದರೆ ‘ದೋಝೆನ್’, ಸರಿಗೆ ಸಮ. ಸೀಮೆ ಮಾತ್ರ ಸರಿಯಿದ್ದರೆ ‘ದಾರಿ ಸರಿ’ ಎಂದು ಹೇಳಿ ಇನ್ನೊಮ್ಮೆ ಬರೆಯಲು ಬಿಡುತ್ತಾರೆ. ಪೂರ್ತಿ ತಪ್ಪಾದರೆ ‘ಇಯ’, ಅಂದರೆ ಅಲ್ಲ. ‘ದಾರಿ ಸರಿ’ ಎಂಬ ಅಂಕವೊಂದು ನಮ್ಮ ಪರೀಕ್ಷೆಗಳಲ್ಲಿಯೂ ಇದ್ದಿದ್ದರೆ ಎಷ್ಟು ಮಕ್ಕಳು ಗಣಿತವನ್ನು ಬಿಟ್ಟೋಡದೆ ಉಳಿಯುತ್ತಿದ್ದರೋ!

ಈ ಕೂಟದಲ್ಲಿ ತಪ್ಪು ಹೇಳಿದವನಿಗೆ ಅವಮಾನವಿಲ್ಲ. ತಾನು ಏಕೆ ಹಾಗೆಂದುಕೊಂಡನೆಂದು ಅವನು ಹೇಳುತ್ತಾನೆ, ಹಿರಿಯರು ಅಲಗನ್ನು ದೀಪಕ್ಕೆ ಹಿಡಿದು ಅವನ ಕಣ್ಣು ಎಲ್ಲಿ ಜಾರಿತೆಂದು ತೋರಿಸುತ್ತಾರೆ. ಸಂಗ್ರಹದ ಒಡೆಯನಿಗೂ ಇದರಿಂದ ಲಾಭ. ತನ್ನ ಪೆಟ್ಟಿಗೆಯಲ್ಲಿದ್ದ ಅಲಗನ್ನು ಇಪ್ಪತ್ತು ಜೊತೆ ಕಣ್ಣುಗಳು ಓದಿದ ಮೇಲೆ ಅದು ಅವನಿಗೇ ಹೊಸದಾಗಿ ಕಾಣುತ್ತದೆ. 1945ರಲ್ಲಿ ಜಪಾನು ಸೋತಾಗ ಆಕ್ರಮಣ ಸೇನೆಯು ಖಡ್ಗಗಳನ್ನೆಲ್ಲ ಆಯುಧಗಳೆಂದು ಎಣಿಸಿ ಒಪ್ಪಿಸಬೇಕೆಂದು ಆಜ್ಞೆ ಮಾಡಿತು. ಲೆಕ್ಕವಿಲ್ಲದಷ್ಟು ಖಡ್ಗಗಳು ನಾಶವಾದವು. ಇವುಗಳಲ್ಲಿ ಕಲೆಯಾಗಿ ಉಳಿಯಬೇಕಾದವು ಯಾವುವೆಂದು ಬೇರ್ಪಡಿಸಿ ವಾದಿಸಬಲ್ಲ ಜನ ಆ ದೇಶದಲ್ಲಿದ್ದರು. ಕಲಾಖಡ್ಗಗಳ ರಕ್ಷಣೆಗಾಗಿ ಅವರ ಸಂಘ 1948ರಲ್ಲಿ ಸ್ಥಾಪನೆಯಾಯಿತು. ಅಂತಹ ಕಣ್ಣುಗಳು ಒಂದು ದಿನದಲ್ಲಿ ತಯಾರಾಗುವುದಿಲ್ಲ. ಕೂಟಗಳಲ್ಲಿ ಕುಳಿತು ಹಲವಾರು ಬಾರಿ ‘ಇಯ’ ಎನ್ನಿಸಿಕೊಂಡು ತಯಾರಾದವು.

ಅಮೆರಿಕದವರ ರೀತಿ ಬೇರೆ, ಅಲ್ಲಿ ಸಂಗ್ರಹಿಸುವವನಿಗೂ ತಯಾರಿಸುವವನಿಗೂ ನಡುವೆ ಗೋಡೆ ಕಡಿಮೆ. ಮೇರಿಲ್ಯಾಂಡಿನ ವಿಲಿಯಂ ಮೋರನ್ ಎಂಬ ಚಾಕು ತಯಾರಕರು 1973ರ ಒಂದು ಪ್ರದರ್ಶನದಲ್ಲಿ ತಾವು ಬೆಸೆದು ಮಾಡಿದ ಪದರದ ಉಕ್ಕಿನ ಚಾಕುಗಳನ್ನು ಇಟ್ಟರು. ಆ ವಿದ್ಯೆಯನ್ನು ಬಚ್ಚಿಡದೆ ಇತರರಿಗೆ ಹೇಳಿಕೊಟ್ಟರು. ಅವರು ಮುಂದೆ ನಿಂತು ಕಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ 1976ರಲ್ಲಿ ಹುಟ್ಟಿತು. ಅವರ ಪರೀಕ್ಷೆಯೂ ಸ್ವಾರಸ್ಯವಾಗಿದೆ. ಅಭ್ಯರ್ಥಿಯ ಚಾಕು ತೂಗುಬಿಟ್ಟ ಒಂದು ಅಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಮರದ ತುಂಡುಗಳನ್ನು ಕಡಿಯಬೇಕು. ಅಷ್ಟಾದ ಮೇಲೂ ತೋಳಿನ ಕೂದಲನ್ನು ಬೋಳಿಸುವಷ್ಟು ಹರಿತವಾಗಿರಬೇಕು. ಕೊನೆಗೆ ತೊಂಬತ್ತು ಡಿಗ್ರಿ ಬಾಗಿಸಿದರೂ ಮುರಿಯಬಾರದು. ಈ ಪರೀಕ್ಷೆಯನ್ನು ಒಮ್ಮೆ ನೋಡಿದ ಸಂಗ್ರಾಹಕನು ಮುಂದೆ ಹಿಡಿಯ ಕುಸುರಿಗೆ ಮರುಳಾಗಿ ಹಣ ಕೊಡಲಾರ. ಹದ ಹೇಗೆ ಹಾಕಿದಿರಿ ಎಂದು ಮೊದಲು ಕೇಳುತ್ತಾನೆ.

ಮೂಸೆಯ ಉಕ್ಕಿನ ವಿಚಾರವನ್ನು ಸ್ವಲ್ಪ ಬೆಳೆಸಬೇಕು, ಏಕೆಂದರೆ ಅದು ನಮ್ಮ ನೆಲದ ಕಥೆ. ಪಾಶ್ಚಾತ್ಯರು ಅದನ್ನು ‘ವೂಟ್ಸ್’ ಎಂದು ಕರೆದರು. ನಮ್ಮ ‘ಉಕ್ಕು’ ಎಂಬ ಶಬ್ದವೇ ಹಾಗೆ ಮಾರ್ಪಟ್ಟಿದೆಯೆಂದು ಬಹುಮಂದಿ ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಆ ಹೆಸರಿನಿಂದ ಪ್ರಬಂಧ ಬರೆದರು. ಮುಂದೆ ಮೈಕೆಲ್ ಫ್ಯಾರಡೆಯಂತಹ ವಿಜ್ಞಾನಿಯೂ ಅದರ ರಹಸ್ಯವನ್ನು ಹುಡುಕಿದರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ ಇಲ್ಲಿಯ ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಚೂರುಗಳ ಜೊತೆ ತಂಗಡಿಯ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸುತ್ತಿದ್ದರು. ತಂಗಡಿಯನ್ನು ನಾವು ಬೇಲಿಯ ಪಕ್ಕದ ಹಳದಿ ಹೂವೆಂದು ಮಾತ್ರ ಬಲ್ಲೆವು! ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿದ್ಯೆ ಕ್ಷೀಣಿಸಿ ನಿಂತುಹೋಯಿತು.

ಅದು ಮತ್ತೆ ತಿಳಿವಿಗೆ ಬಂದ ಬಗೆಯೇ ನನ್ನ ವಾದಕ್ಕೆ ಆಧಾರ. ಸ್ವಿಟ್ಜರ್ಲೆಂಡಿನ ಹೆನ್ರಿ ಮೋಸರ್ ಪೂರ್ವದೇಶಗಳ ಆಯುಧಗಳ ದೊಡ್ಡ ಸಂಗ್ರಾಹಕರು. 1914ರಲ್ಲಿ ತಮ್ಮ ಸಂಗ್ರಹವನ್ನು ಬರ್ನ್ ನಗರದ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಅಷ್ಟಕ್ಕೇ ನಿಲ್ಲದೆ, ಕೆಲವು ಅಲಗುಗಳನ್ನು ಕತ್ತರಿಸಿ ಪರೀಕ್ಷಿಸಲು ಒಪ್ಪಿದರು. ಸಂಗ್ರಾಹಕನಾದವನಿಗೆ ಇದು ಎಂತಹ ಮಾತೆಂದು ಯೋಚಿಸಿ ನೋಡಿ! ಝಶೊಕ್ಕೆ ಎಂಬುವರು ಅವುಗಳನ್ನು ವಿಶ್ಲೇಷಿಸಿ 1924ರಲ್ಲಿ ಪ್ರಕಟಿಸಿದರು. ಉಳಿದ ತುಂಡುಗಳು ಬರ್ನ್‌ನಲ್ಲಿಯೇ ಇದ್ದವು. ದಶಕಗಳ ಮೇಲೆ ಅವು ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹಶಾಸ್ತ್ರದ ಪ್ರಾಧ್ಯಾಪಕ ಜಾನ್ ವರ್‌ಹೋವನ್ ಅವರ ಕೈಸೇರಿದವು. ಅವರ ಜೊತೆಗಾರರು ಆಲ್ಫ್ರೆಡ್ ಪೆಂಡ್ರೆ, ಫ್ಲಾರಿಡಾದ ಒಬ್ಬ ಚಾಕು ತಯಾರಕರು. ಪೆಂಡ್ರೆ ತಮ್ಮ ಕುಲುಮೆಯಲ್ಲಿ ಉಕ್ಕಿನ ಗಟ್ಟಿಗಳನ್ನು ಕರಗಿಸಿ ಬಡಿದು ಅಲಗು ಮಾಡುವರು; ಪ್ರಾಧ್ಯಾಪಕರು ಸೂಕ್ಷ್ಮದರ್ಶಕದಲ್ಲಿ ನೋಡಿ ತಪ್ಪು-ಒಪ್ಪು ಹೇಳುವರು. ಒಮ್ಮೆ ಗೆರೆ ಮೂಡುವುದು, ಇನ್ನೊಮ್ಮೆ ಮೂಡದಿರುವುದು. ಕೊನೆಗೆ 1998ರಲ್ಲಿ ಪ್ರಕಟವಾದ ಅವರ ಪ್ರಬಂಧವು ಕಾರಣವನ್ನು ಮುಂದಿಟ್ಟಿತು: ಕಬ್ಬಿಣದೊಳಗೆ ಅತ್ಯಲ್ಪ ಪ್ರಮಾಣದಲ್ಲಿರುವ ವೆನೇಡಿಯಮ್ಮಿನಂತಹ ಧಾತುಗಳು, ಮತ್ತೆ ಮತ್ತೆ ಕಾಯಿಸಿ ಬಡಿದಾಗ ಕಬ್ಬಿಣದ ಕಾರ್ಬೈಡ್ ಕಣಗಳನ್ನು ಸಾಲುಗಟ್ಟಿ ನಿಲ್ಲಿಸುತ್ತವೆ. ಆ ಸಾಲುಗಳೇ ಅಲೆಗಳು. ಸ್ಟ್ಯಾನ್‌ಫರ್ಡಿನ ಶೆರ್ಬಿ ಮತ್ತು ವಾಡ್ಸ್‌ವರ್ತ್ ಇದಕ್ಕಿಂತ ಮೊದಲೇ ಬೇರೊಂದು ವಿವರಣೆ ಕೊಟ್ಟಿದ್ದರು. ಎರಡು ಪಕ್ಷಗಳ ನಡುವೆ ವಾದ ಜೋರಾಗಿಯೇ ನಡೆಯಿತು. ಆ ವಾದದಿಂದ ನಷ್ಟವಾದವರು ಯಾರೂ ಇಲ್ಲ.

ನಮ್ಮ ಕಮ್ಮಾರರು ಗುಟ್ಟು ಬಚ್ಚಿಟ್ಟಿದ್ದರಿಂದಲೇ ವಿದ್ಯೆ ಹೋಯಿತೆಂದು ಕೆಲವರು ಹೇಳುವುದುಂಟು. ನಾನು ಅದನ್ನು ಪೂರ್ತಿ ಒಪ್ಪಲಾರೆ. ವೆನೇಡಿಯಮ್ ಇರುವ ಅದಿರು ತೀರಿದಾಗ ಗೆರೆ ಏಕೆ ಬರುತ್ತಿಲ್ಲವೆಂದು ಅವರಿಗೇ ತಿಳಿದಿರಲಿಕ್ಕಿಲ್ಲವೆಂಬುದು ಈ ಸಂಶೋಧಕರ ಊಹೆ. ಮೇಲಾಗಿ ಅಗ್ಗದ ವಿಲಾಯಿತಿ ಕಬ್ಬಿಣ ಬಂದು ಅವರ ಹೊಟ್ಟೆಯ ಮೇಲೆ ಹೊಡೆಯಿತು. ಆದರೆ ಒಂದು ಮಾತು ನಿಜ: ಒಂದು ಕುಲುಮೆಯ ಸೋಲನ್ನು ಇನ್ನೊಂದು ಸೀಮೆಯ ಕುಲುಮೆಯ ಗೆಲುವಿನ ಪಕ್ಕದಲ್ಲಿಟ್ಟು ನೋಡುವ ಜಾಗ ಅವರಿಗಿರಲಿಲ್ಲ. ಇಂದಿನ ಹವ್ಯಾಸಿಗೆ ಅದುಂಟು. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು ಈ ಉಕ್ಕಿನ ಮೇಲೆ 2004ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಇಂಗ್ಲಿಷಿನಲ್ಲಿದೆ, ಆಸಕ್ತರು ಓದಬಹುದು.

ಇನ್ನು ನಮ್ಮ ಮನೆಗಳ ಸಂಗತಿ. ಕೊಡಗಿನವರ ಸೊಂಟದ ಪೀಚೆಕತ್ತಿಯನ್ನು ಎಲ್ಲರೂ ಬಲ್ಲರು. ಒಡಿಕತ್ತಿಯನ್ನು ಬಲ್ಲವರು ಕಡಿಮೆ: ಅಗಲವಾದ, ಒಳಬಾಗಿದ ಅಲಗು, ಹರಿತವಿರುವುದು ಬಾಗಿನ ಒಳಗಡೆಗೆ, ಒರೆಯಿಲ್ಲದೆ ಬೆನ್ನಿನ ಕಡೆ ತೋಡಂಗ್ ಎಂಬ ಹಿತ್ತಾಳೆಯ ಕೊಂಡಿಗೆ ಸಿಕ್ಕಿಸುವರು. ಮದುವೆಯಲ್ಲಿ ಬಾಳೆಯ ದಿಂಡುಗಳನ್ನು ಕಡಿಯುವುದು ಅದರಿಂದಲೇ. ವಿದೇಶದ ಸಂಗ್ರಾಹಕರ ಪುಸ್ತಕಗಳಲ್ಲಿ ಅದಕ್ಕೆ ‘ಆಯ್ದ ಕತ್ತಿ’ ಎಂಬ ಹೆಸರು ಕಾಣುತ್ತದೆ. ನಮ್ಮ ಕಿವಿಗೆ ಅದು ‘ಆಯುಧ ಕತ್ತಿ’ಯ ಮುರುಕು ರೂಪವೆಂದು ಕೂಡಲೇ ಹೊಳೆಯುತ್ತದೆ, ಅವರಿಗೆ ಹೊಳೆಯುವ ಬಗೆ ಹೇಗೆ? ಅವರಲ್ಲಿ ಅಲಗು ಇದೆ, ಹೆಸರಿಲ್ಲ. ನಮ್ಮಲ್ಲಿ ಹೆಸರಿದೆ, ಅಲಗನ್ನು ಓದುವ ಅಭ್ಯಾಸವಿಲ್ಲ. ಈ ಎರಡು ಗುಂಪುಗಳು ಒಂದೆಡೆ ಕುಳಿತು ಮಾತಾಡಬೇಕೆಂಬುದೇ ನನ್ನ ಹಂಬಲ.

ಅಭ್ಯಾಸವಿಲ್ಲದಿರುವುದರ ಪರಿಣಾಮ ಏನೆಂದು ನಾನು ಕಂಡಿದ್ದೇನೆ. ಪರಿಚಿತರೊಬ್ಬರು ತಾತನ ಕಾಲದ ಚೂರಿಯೊಂದನ್ನು ಆಯುಧಪೂಜೆಗೆಂದು ಸಾಣೆಯವನಿಗೆ ಕೊಟ್ಟು, ಅದು ಹೊಸ ಸ್ಟೀಲ್ ಲೋಟದಂತೆ ಥಳಥಳಿಸುವ ಹಾಗೆ ಮಾಡಿಸಿ ತಂದಿದ್ದರು. ಮೈಯ ಮೇಲಿದ್ದ ಬೂದುನೀಲಿಯ ಹೊದಿಕೆಯೂ, ಹಿಡಿಯ ಬಳಿಯಿದ್ದ ಸಣ್ಣ ಮುದ್ರೆಯೂ ಹೋಗಿದ್ದವು. ಜಪಾನಿನವರಾದರೋ ಹಿಡಿಯೊಳಗಿನ ಭಾಗದ ತುಕ್ಕನ್ನು ಎಂದಿಗೂ ಮುಟ್ಟುವುದಿಲ್ಲ. ಅಲಗಿನ ವಯಸ್ಸನ್ನು ಆ ತುಕ್ಕಿನ ಬಣ್ಣದಿಂದಲೇ ಅಳೆಯುತ್ತಾರೆ.

ಆದ್ದರಿಂದ ಮನೆಯಲ್ಲಿ ಹಳೆಯ ಕತ್ತಿ-ಚೂರಿ ಇರುವವರು ದಯವಿಟ್ಟು ಸಾಣೆಗೂ ಉಪ್ಪುಕಾಗದಕ್ಕೂ ಕೊಡಬೇಡಿ. ಮೃದುವಾದ ಬಟ್ಟೆಯಿಂದ ಒರಸಿ, ಹೊಲಿಗೆಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿದರೆ ಸಾಕು. ಕೊಬ್ಬರಿ ಎಣ್ಣೆ ದಿನ ಕಳೆದಂತೆ ಜಿಗುಟಾಗುತ್ತದೆ. ಚರ್ಮದ ಒರೆಯಲ್ಲಿ ವರ್ಷಗಟ್ಟಲೆ ಇಡಬೇಡಿ. ಚರ್ಮವು ತೇವವನ್ನು ಹಿಡಿದಿಟ್ಟು ಅಲಗನ್ನು ತಿನ್ನುತ್ತದೆ. ಹೊರದೇಶದಲ್ಲಿರುವವರು ಇನ್ನೊಂದನ್ನು ಗಮನಿಸಬೇಕು: ನೂರು ವರ್ಷ ದಾಟಿದ ವಸ್ತುವನ್ನು ದೇಶದಿಂದ ಹೊರಗೆ ಒಯ್ಯಲು 1972ರ ಪ್ರಾಚ್ಯವಸ್ತು ಕಾಯಿದೆ ಬಿಡುವುದಿಲ್ಲ; ತಾತನದಾದರೂ ಅಷ್ಟೆ. ಗೃಹಕೃತ್ಯಕ್ಕೋ ಬೇಸಾಯಕ್ಕೋ ಅಲ್ಲದ, ಒಂಬತ್ತು ಅಂಗುಲಕ್ಕಿಂತ ಉದ್ದದ ಅಲಗುಗಳಿಗೆ ಆಯುಧ ಕಾಯಿದೆಯ ನಿಯಮಗಳೂ ಉಂಟು. ಕೊಳ್ಳುವ ಮೊದಲು ಕೇಳಿ ತಿಳಿದುಕೊಳ್ಳಿ.

ಇದೆಲ್ಲಕ್ಕಿಂತ ಮೊದಲು, ಮನೆಯ ಹಿರಿಯರು ಇರುವಾಗಲೇ ಆ ಕತ್ತಿಗೆ ಅವರು ಏನೆಂದು ಕರೆಯುತ್ತಾರೆ, ಯಾವ ಊರಿನ ಕುಲುಮೆಯಿಂದ ಬಂತು, ಯಾವ ಕೆಲಸಕ್ಕೆ ಬಳಸುತ್ತಿದ್ದರು ಎಂಬುದನ್ನು ಕಾಗದದ ಮೇಲೆ ಬರೆದು ಅದರ ಜೊತೆಯಲ್ಲಿಯೇ ಇಡಿ. ಒಂದು ಪ್ರತಿಯನ್ನು, ಚಿತ್ರದ ಸಹಿತ, ನನಗೂ ಕಳುಹಿಸಿದರೆ ಸಂತೋಷ. ಬೇಸಿಗೆ ರಜೆಗೆ ಊರಿಗೆ ಬರುವವರು ಮನೆಯ ಚೂರಿಯನ್ನು ಜೊತೆಗೆ ತಂದರೆ, ನಮ್ಮ ಜಗಲಿಯ ಮೇಲೆಯೇ ಹೆಸರು ಮುಚ್ಚಿಟ್ಟು ಒಂದು ಕಂತೇಯಿ ನಡೆಸಬಹುದು. ಅಂಕ ಕೊಡುವ ಕೆಲಸ ನನ್ನದು.