ದಂಡೆಗೆ ಗಾಡಿ ಇಳಿಸಬೇಡಿ

ಮೇ ರಜೆ ಹತ್ತಿರ ಬಂತೆಂದರೆ ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆಯ ಹುಡುಗರ ಮೊಬೈಲುಗಳಲ್ಲಿ ಒಂದೇ ಲೆಕ್ಕ ಓಡಾಡುತ್ತದೆ. ಎಷ್ಟು ಬೈಕು, ಎಷ್ಟು ಕಾರು, ಮಟನ್ ಎಷ್ಟು ಕಿಲೋ, ಬಿಯರ್ ಎಷ್ಟು ಕೇಸು, ಸ್ಪೀಕರ್ ಯಾರು ತರಬೇಕು, ಟೆಂಟು ಎಲ್ಲಿ ಬಾಡಿಗೆಗೆ ಸಿಗುತ್ತದೆ. ಜಾಗ ಮೊದಲೇ ಗೊತ್ತು. ಹಿಡಕಲ್ ಡ್ಯಾಮಿನ ಹಿನ್ನೀರು, ಇಲ್ಲವಾದರೆ ಧೂಪದಾಳ, ಅದೂ ಬೇಡವೆಂದರೆ ಯೋಗಿಕೊಳ್ಳ, ಗೊಡಚಿನಮಲ್ಕಿ. ಉಪ್ಪು-ಖಾರದವರೆಗೆ ಎಲ್ಲ ಬರೆದಿಟ್ಟುಕೊಳ್ಳುವ ಈ ಪಟ್ಟಿಯಲ್ಲಿ ಒಂದು ಖಾಲಿ ಗೋಣಿಚೀಲ ಮಾತ್ರ ಇರುವುದಿಲ್ಲ. ತಂದ ಕಸವನ್ನು ತುಂಬಿಕೊಂಡು ಹೊತ್ತುಕೊಂಡು ಹೋಗುವ ವಿಚಾರ ಯಾರ ತಲೆಯಲ್ಲೂ ಸುಳಿಯುವುದಿಲ್ಲ. ನನ್ನ ಸಿಟ್ಟು ಶುರುವಾಗುವುದೇ ಅಲ್ಲಿಂದ.

ಬಯಲಲ್ಲಿ ಮಲಗಬೇಡಿ, ನೀರಿನ ದಂಡೆಗೆ ಹೋಗಬೇಡಿ ಎಂದು ಯಾರೂ ಹೇಳುತ್ತಿಲ್ಲ. ಎಳ್ಳಮವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದು, ಚರಗ ಚೆಲ್ಲಿ, ಗಿಡದ ನೆರಳಿಗೆ ಕೂತು ಉಣ್ಣುವ ಜನ ನಾವು. ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗುತ್ತ ದಾರಿಯಲ್ಲಿ ಬೀಡು ಬಿಟ್ಟವರ ಮಕ್ಕಳು. 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದ ಡಾ. ನಾ. ಸು. ಹರ್ಡೀಕರರ ಹೆಸರು ಇಲ್ಲಿಯದೇ ಘಟಪ್ರಭಾ ಊರಿಗೆ ಅಂಟಿಕೊಂಡಿದೆ. ಶಿಬಿರವೆಂದರೆ ಶಿಸ್ತು ಎಂದು ಸಾವಿರಾರು ತರುಣರಿಗೆ ಕಲಿಸಿದವರು ಅವರು. ಮುತ್ತಲ ಎಲೆಯ ಪತ್ರಾವಳಿಯಲ್ಲಿ ಉಂಡು ಎದ್ದವರ ಹಿಂದೆ ಮೂರು ಕಲ್ಲು, ಒಂದು ಹಿಡಿ ಬೂದಿ ಬಿಟ್ಟರೆ ಏನೂ ಉಳಿಯುತ್ತಿರಲಿಲ್ಲ. ಅಂಥ ನೆಲದಲ್ಲಿ ಈಗ ಥರ್ಮೊಕೋಲ್ ತಟ್ಟೆ, ಕುರ್‌ಕುರೆ ಪಾಕೀಟು, ಒಡೆದ ಬಾಟಲಿ, ಅರ್ಧ ತಿಂದ ಬಿರಿಯಾನಿ. ಇದು ಅಜ್ಞಾನವಲ್ಲ. ಓದಿದವರು, ನೌಕರಿ ಇದ್ದವರು, ಕಾರಿನಲ್ಲಿ ಬರುವವರು ಮಾಡುತ್ತಿರುವ ದೌರ್ಜನ್ಯ.

ಹಿಡಕಲ್ ಹಿನ್ನೀರಿನ ದಂಡೆಗೆ ಬೇಸಿಗೆಯಲ್ಲಿ ಹೋಗಿ ನೋಡಿ. ನೀರು ಹಿಂದೆ ಸರಿದಂತೆ ಹರಳುಗಲ್ಲಿನ ಬಯಲು ಬಿಚ್ಚಿಕೊಳ್ಳುತ್ತದೆ. ಕಾರು ಸಲೀಸಾಗಿ ನೀರಿನ ಅಂಚಿನವರೆಗೂ ಇಳಿಯುತ್ತದೆ, ಟೆಂಟು ಹೊಡೆಯಲು ಸಮತಟ್ಟು ಜಾಗ. ಬರಿ ಬಯಲು ಎಂದು ನಿಮಗೆ ಕಾಣುವ ಆ ಹರಳಿನ ನಡುವೆಯೇ ಟಿಟ್ಟಿಭ ಮೊಟ್ಟೆ ಇಡುತ್ತದೆ. ಗೂಡಿಲ್ಲ, ಹುಲ್ಲಿನ ಹಾಸಿಗೆ ಇಲ್ಲ. ಅಂಗೈಯಗಲ ತಗ್ಗು, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಮೊನಚು ತುದಿ ಒಳಮುಖ. ಬೂದು ಮಣ್ಣಿನ ಬಣ್ಣಕ್ಕೆ ಕಪ್ಪು ಚುಕ್ಕೆ ಬಿದ್ದ ಆ ಮೊಟ್ಟೆಗಳು ಮಾರು ದೂರದಿಂದಲೂ ಕಲ್ಲಿನಂತೆಯೇ ಕಾಣುತ್ತವೆ. ಹೊಳೆಯ ರೀವ ಹಕ್ಕಿಯೂ ಇಂಥ ಬರಿನೆಲಕ್ಕೇ ಮೊಟ್ಟೆ ಇಡುವುದು, ಅದೂ ಇದೇ ಬೇಸಿಗೆಯಲ್ಲಿ. ಬಿಸಿಲು ನಲವತ್ತು ಡಿಗ್ರಿ ಮುಟ್ಟಿದಾಗ ತಾಯಿ ಟಿಟ್ಟಿಭ ನೀರಿಗೆ ಇಳಿದು ಹೊಟ್ಟೆಯ ಗರಿ ತೋಯಿಸಿಕೊಂಡು, ಓಡುತ್ತ ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಆ ತೇವದಿಂದಲೇ ಮೊಟ್ಟೆ ತಂಪಾಗಬೇಕು. ನೀರಿಗೂ ಆ ತಗ್ಗಿಗೂ ನಡುವೆ ನೀವು ಟೆಂಟು ಹೊಡೆದು ಕೂತರೆ ಹಕ್ಕಿ ಅತ್ತ ಹೋಗಲಾರದು, ಇತ್ತ ಬರಲಾರದು. ನಿಮ್ಮ ತಲೆಯ ಮೇಲೆ ಸುತ್ತುತ್ತ ಚೀರುತ್ತದೆ. ನೀವು ಸ್ಪೀಕರಿನ ಸದ್ದು ಇನ್ನಷ್ಟು ಏರಿಸುತ್ತೀರಿ. ಎರಡು ತಾಸಿನಲ್ಲಿ ಮೊಟ್ಟೆ ಬಿಸಿಲಿಗೆ ಬೆಂದಿರುತ್ತದೆ. ಗಾಡಿಯ ಚಕ್ರ ಹತ್ತಿದ್ದರೆ ಅಷ್ಟು ಹೊತ್ತೂ ಬೇಕಿಲ್ಲ. ಸಂಜೆ ನೀವು ಎಸೆದ ಎಲುಬಿಗೆ ಬಂದ ಬೀದಿನಾಯಿಗಳು ಮರುದಿನವೂ ಬರುತ್ತವೆ. ಎಲುಬು ಸಿಗದಿದ್ದಾಗ ಮರಿಗಳನ್ನು ಹುಡುಕುತ್ತವೆ. ಒಂದು ರಾತ್ರಿಯ ಮೋಜಿಗೆ ಇಡೀ ದಂಡೆಯ ಒಂದು ವರ್ಷದ ಸಂತಾನ ಹೋಗುತ್ತದೆ. ಮಾಡಿದವರಿಗೆ ಗೊತ್ತೂ ಆಗುವುದಿಲ್ಲ, ಯಾಕೆಂದರೆ ಅವರು ಕೆಳಗೆ ನೋಡಿಯೇ ಇರುವುದಿಲ್ಲ.

ಈ ನೀರು ಯಾರದ್ದೋ ಮನೆಯ ಮೇಲೆ ನಿಂತ ನೀರು. ಇದು ತುಂಬಿದಾಗ ಊರುಗಳು ಮುಳುಗಿದವು. ನೀರು ತಳ ಕಂಡ ವರ್ಷಗಳಲ್ಲಿ ಹುನ್ನೂರಿನ ವಿಠ್ಠಲನ ಗುಡಿ ಹೊರಗೆ ಬರುತ್ತದೆ, ಜನ ಕೈಮುಗಿಯಲು ಹೋಗುತ್ತಾರೆ. ಹೊಲ, ಮನೆ, ದೇವರು ಎಲ್ಲ ಬಿಟ್ಟುಕೊಟ್ಟು ಎದ್ದು ಹೋದ ಜನರ ತ್ಯಾಗದ ಮೇಲೆ 51 ಟಿಎಂಸಿ ನೀರು ನಿಲ್ಲುವ ರಾಜಾ ಲಖಮಗೌಡ ಜಲಾಶಯ, ಅಂದರೆ ಇದೇ ಹಿಡಕಲ್ ಡ್ಯಾಮು, ನಿಂತಿದೆ. ಬೆಳಗಾವಿ ನಗರವೂ ಈ ನೀರನ್ನು ಕುಡಿಯುತ್ತದೆ. ಅದರ ದಂಡೆಗೆ ಕೂತು ಬಾಟಲಿಯನ್ನು ಬಂಡೆಗೆ ಅಪ್ಪಳಿಸಿ ಒಡೆಯುವ ಕೈಗೆ ಏನನ್ನಬೇಕು?

ಹಿನ್ನೀರು ಇಳಿದ ಮೇಲೆ ಹಸಿ ಮೇವು ಚಿಗುರುವುದು ಈ ಅಂಚಿನಲ್ಲೇ. ಮೇವಿಗೆ ಕುರಿ ಹೊಡೆದುಕೊಂಡು ಬರುವವರನ್ನು ಮಾತಾಡಿಸಿ ನೋಡಿ. ಅವರಲ್ಲೊಬ್ಬರು ಕುರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸಿನ ಸಂದಿಯಿಂದ ಗಾಜಿನ ಚೂರು ತೆಗೆಯುತ್ತಿದ್ದರು. ಕೈಯಲ್ಲಿ ಮುಳ್ಳು ತೆಗೆಯುವ ಚಿಮಟ. ಕೀವು ತುಂಬಿದ ಗಾಯಕ್ಕೆ ಅರಿಶಿನ ಒತ್ತುತ್ತ ಹೇಳಿದರು: ‘ಬಂದು ಕುಂತು ಉಂಡು ಹೋದ್ರ ನಮ್ದೇನೂ ತಕರಾರಿಲ್ರಿ. ಬಾಟ್ಲಿ ಯಾಕ ಒಡೀಬೇಕ್ರಿ? ಕುಡಿದಿದ್ದು ಸಾಲಲಿಲ್ಲೇನು ಅವರಿಗೆ?’ ಕುಂಟುವ ಕುರಿ ಹಿಂಡಿನ ಜೊತೆ ನಡೆಯಲಾರದು, ಸಂತೆಯಲ್ಲಿ ಅದಕ್ಕೆ ಬೆಲೆ ಬಾರದು. ಆ ನಷ್ಟವನ್ನು ಯಾವ ಪ್ರವಾಸಿಯೂ ತುಂಬಿಕೊಟ್ಟಿದ್ದಿಲ್ಲ.

ಕಾಡಿನೊಳಗಿನ ಕಥೆ ಬೇರೆ. ಗೋಕಾಕ ಫಾಲ್ಸಿನ ಸುತ್ತಲ ಗುಡ್ಡಗಳೂ ಯೋಗಿಕೊಳ್ಳವೂ ಮರಳುಗಲ್ಲಿನ ಮೇಲೆ ತೆಳ್ಳಗೆ ಮಣ್ಣು ಹೊದ್ದ ನೆಲ. ಆ ಗೇಣು ಮಣ್ಣಿನಲ್ಲಿ ದಿಂಡಲ, ಮಶವಾಳ, ಮುತ್ತಲ, ಕಾರಿ, ಬಾರಿ ಗಿಡಗಳು ನಿಧಾನಕ್ಕೆ ಬೆಳೆಯುತ್ತವೆ. ಗಾಳಿಗೆ ಮರೆಯಾಗಲೆಂದು ಮರದ ಬುಡಕ್ಕೇ ಒಲೆ ಹೂಡುತ್ತಾರೆ. ತೊಗಟೆ ಸುಟ್ಟು ಬಿರಿಯುತ್ತದೆ, ಗೆದ್ದಲು ಹೊಗುತ್ತದೆ, ಒಂದೆರಡು ವರ್ಷದಲ್ಲಿ ಮರ ನಿಂತಲ್ಲೇ ಸಾಯುತ್ತದೆ. ಆರಿಸದೆ ಬಿಟ್ಟ ಕೆಂಡ ಒಣ ಕರಡಕ್ಕೆ ಹತ್ತಿದರೆ ಗುಡ್ಡವೇ ಹೋಗುತ್ತದೆ. ಆಮೇಲೆ ಮೊದಲ ಅಡ್ಡಮಳೆಗೆ ಬರಿದಾದ ಮಣ್ಣು ಕೊಚ್ಚಿಕೊಂಡು ಹೋಗಿ ಬಂಡೆ ಉಳಿಯುತ್ತದೆ. ಬಂಡೆಯ ಮೇಲೆ ಮಣ್ಣು ಮತ್ತೆ ಕೂಡಬೇಕಾದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗದು.

ಎಸೆದದ್ದು ಎಸೆದಲ್ಲೇ ಇರುತ್ತದೆ ಎಂದುಕೊಂಡವರು ಘಟಪ್ರಭಾ ಹೊಳೆಯ ಹಾದಿ ಹಿಡಿದು ನಡೆಯಲಿ. ಡ್ಯಾಮಿನ ಕೆಳಗೆ ಕವಿ ಚಂದ್ರಶೇಖರ ಕಂಬಾರರ ಊರು ಘೋಡಗೇರಿ, ಮುಂದೆ ಧೂಪದಾಳ. 1897ರಲ್ಲಿ ಕಟ್ಟಿದ ಧೂಪದಾಳದ ಒಡ್ಡಿನ ಹಿಂದೆ ನಿಂತ ನೀರು 1974ರಿಂದ ಘಟಪ್ರಭಾ ಪಕ್ಷಿಧಾಮದ ಭಾಗ. ಗೋಕಾಕ, ಹುಕ್ಕೇರಿ ಎರಡೂ ತಾಲ್ಲೂಕಿಗೆ ಹಬ್ಬಿದ ಸುಮಾರು 30 ಚದರ ಕಿಲೋಮೀಟರ್ ಜಾಗ. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಡೆಮೊಯ್ಸೆಲ್ ಕೊಕ್ಕರೆಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಇಳಿಯುವ ತಾಣ. ಅಲ್ಲಿಂದ ನೀರು ಗೋಕಾಕ ಫಾಲ್ಸಿನಲ್ಲಿ ಧುಮುಕಿ, ಲೋಳಸೂರ ಸೇತುವೆಯಡಿ ಹಾದು, ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿಗಳ ಕಡೆ ಹೊರಳುತ್ತದೆ. ಮೇಲಿನವರು ಬಿಟ್ಟ ಪ್ಲಾಸ್ಟಿಕ್ಕು ಮೊದಲ ನೆರೆಗೆ ತೇಲಿಬಂದು ಕೆಳಗಿನವರ ಬಾಂದಾರಗಳಿಗೆ, ಪಂಪ್‌ಸೆಟ್ಟಿನ ಫುಟ್‌ವಾಲ್ವುಗಳಿಗೆ ಸಿಕ್ಕಿಕೊಳ್ಳುತ್ತದೆ. 2019ರ ಆಗಸ್ಟಿನಲ್ಲಿ ಇದೇ ಹೊಳೆ ಗೋಕಾಕ ಪಟ್ಟಣದೊಳಗೆ ಹೊಕ್ಕು ಮನೆ ಮನೆಗಳನ್ನು ಮುಳುಗಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ನೀರಿನ ಹಾದಿಯಲ್ಲಿ ಕಸ ತುರುಕಲು ಇನ್ನೂ ಹೇಗೆ ಮನಸ್ಸು ಬರುತ್ತದೆ?

ಕಾನೂನು ಇಲ್ಲವೇ ಎಂದರೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಮೀಸಲು ಅರಣ್ಯಕ್ಕೂ ಅದೇ ಕಟ್ಟಳೆ. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ನಿಷೇಧವಿದೆ, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ-ಲೋಟಗಳಿಗೆ ದೇಶದಾದ್ಯಂತ ನಿಷೇಧ. ಆದರೂ ದಂಡೆಗೆ ಇಳಿಯುವ ರಸ್ತೆಬದಿಯ ಅಂಗಡಿಗಳಲ್ಲಿ ಅವೇ ತಟ್ಟೆಗಳ ಕಟ್ಟುಗಳು ಹೊರಗೇ ನೇತಾಡುತ್ತವೆ. ಪ್ರವಾಸೋದ್ಯಮ ಬೆಳೆಸುತ್ತೇವೆ ಎಂದು ವೇದಿಕೆಯ ಮೇಲೆ ಮಾತಾಡುವವರು ಬರುವ ಜನರ ಲೆಕ್ಕ ಹೇಳುತ್ತಾರೆ, ಬಿಟ್ಟುಹೋಗುವ ಕಸದ ಲೆಕ್ಕ ಎತ್ತುವುದಿಲ್ಲ. ಕಾಯುವ ಗಾರ್ಡುಗಳು ಬೆರಳೆಣಿಕೆಯಷ್ಟು. ಕುಡಿದ ಗುಂಪಿನ ಎದುರು ಒಬ್ಬನೇ ನಿಂತು ಬೈಸಿಕೊಳ್ಳುವ ಆ ಬಡಪಾಯಿ ಗಾರ್ಡನ್ನು ನಾನು ದೂರುವುದಿಲ್ಲ. ಅವನನ್ನು ಒಬ್ಬನೇ ಬಿಟ್ಟವರನ್ನು ದೂರುತ್ತೇನೆ.

ನಮ್ಮ ಬೇಡಿಕೆ ದೊಡ್ಡದಲ್ಲ. ತುಂಬಿದ ನೀರಿನ ಗುರುತಿನ ಮೇಲೆಯೇ ಗಾಡಿಗಳನ್ನು ತಡೆಯಲು ದಂಡೆಗುಂಟ ಗುಂಡುಕಲ್ಲು ಹೂಳಿ. ಮಾರ್ಚ್‌ನಿಂದ ಮುಂಗಾರು ಹಿಡಿಯುವವರೆಗೆ ಮೊಟ್ಟೆ ಇಡುವ ಬಯಲಿಗೆ ಯಾರನ್ನೂ ಇಳಿಸಬೇಡಿ, ಶಿಬಿರಕ್ಕೆ ದೂರದಲ್ಲಿ ಬೇರೆ ಜಾಗ ಗುರುತು ಮಾಡಿ, ಒಲೆ ಹೂಡಲು ಅಲ್ಲೇ ಕಲ್ಲಿನ ಕಟ್ಟೆ ಕಟ್ಟಿಕೊಡಿ. ತಮಿಳುನಾಡಿನವರು 2022ರಲ್ಲಿ ನೀಲಗಿರಿಯಲ್ಲಿ ಮದ್ಯದ ಬಾಟಲಿಗೆ ಹತ್ತು ರೂಪಾಯಿ ಹೆಚ್ಚು ಇಸಿದುಕೊಂಡು, ಖಾಲಿ ಬಾಟಲಿ ತಂದುಕೊಟ್ಟವರಿಗೆ ಮರಳಿಸುವ ಪದ್ಧತಿ ತಂದರು. ಆನೆಗಳ ಕಾಲಿಗೆ ಗಾಜು ಚುಚ್ಚುವುದು ತಪ್ಪಲೆಂದು. ನಮ್ಮ ಕುರಿ-ಎಮ್ಮೆಗಳ ಕಾಲಿಗಾಗಿ ಬೆಳಗಾವಿ ಜಿಲ್ಲಾಡಳಿತ ಅಷ್ಟು ಮಾಡಲಾರದೇ? ಈ ಮೂರು ತಾಲ್ಲೂಕಿನ ಮದ್ಯದಂಗಡಿಗಳಿಂದಲೇ ಶುರುವಾಗಲಿ. ಮುಂದಿನ ಮಾರ್ಚ್ ಬರುವುದರೊಳಗೆ ಕಲ್ಲೂ ನೆಡಬೇಕು, ಠೇವಣಿಯೂ ಜಾರಿಯಾಗಬೇಕು. ಆಗದಿದ್ದರೆ ಹುಕ್ಕೇರಿ, ಗೋಕಾಕ, ಮೂಡಲಗಿಯ ತಹಶೀಲ್ದಾರ್ ಕಚೇರಿಗಳ ಮೆಟ್ಟಿಲ ಮೇಲೆ ಈ ದಂಡೆಯಿಂದ ಆಯ್ದ ಗಾಜಿನ ಮೂಟೆಗಳನ್ನು ನಾವೇ ತಂದಿಳಿಸುತ್ತೇವೆ.